ಮೇಷ್ಟ್ರಿಗೆ ಮೂರಿಂಚು ರಿಯಾಯಿತಿ

ಮೂವತ್ತೈದು ಎಂದು ಬರೆದದ್ದು ನಾನೇ. ನೀಲಿ ಇಂಕು, ನನ್ನದೇ ಅಕ್ಷರ, ಪಕ್ಕದಲ್ಲಿ ನನ್ನದೇ ರುಜು. ಬರೆದು, ಹಸಿರು ಚೀಟಿ ಹರಿದು ಕೈಗಿಟ್ಟು, "ನಿಮಗೇನೂ ಇಲ್ಲ ಭಾವ, ಆರಾಮಾಗಿರಿ" ಎಂದು ನಕ್ಕವನೂ ನಾನೇ. ಇಷ್ಟು ವರ್ಷಗಳಾದ ಮೇಲೂ ಬಸ್ಸಿಗೆ ಕಾಯುವಾಗಲೋ ಸ್ನಾನದ ನೀರು ಕಾಯುವಾಗಲೋ ಆ ನಗು ನೆನಪಾಗಿ ಬೆನ್ನು ತಣ್ಣಗಾಗುತ್ತದೆ. ಉಳಿದ ಕಥೆ ಹೇಳಿದರೆ ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ. ಮೂವತ್ತೈದು ಬರುವ ತನಕ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ, ಹೊಳೆನರಸೀಪುರದ ಅಕ್ಕನ ಮನೆಯ ಜಗಲಿಯಲ್ಲಿ ಕೂತು ಪತ್ರಿಕೆಯ ಉದ್ಯೋಗದ ಪುಟ ಓದುವುದೇ ನನ್ನ ಉದ್ಯೋಗವಾಗಿತ್ತು. ಭಾವ, ಅಂದರೆ ಅಕ್ಕನ ಗಂಡ, ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತಾಲ್ಲೂಕಿನ ಅರ್ಧ ಜನಕ್ಕೆ ಅವರು ಮಗ್ಗಿ ಕಲಿಸಿದ್ದರು, ಉಳಿದರ್ಧ ಜನಕ್ಕೆ ಕಿವಿ ಹಿಂಡಿದ್ದರು. ಎರಡೂ ಗುಂಪಿನವರು ರಸ್ತೆಯಲ್ಲಿ ಸಿಕ್ಕರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದರು.

ಹಾಸನದ ಡಾಕ್ಟರಮ್ಮ ಒಬ್ಬರು ಊರೂರಲ್ಲಿ ಕ್ಯಾಂಪ್ ಮಾಡುತ್ತಾರೆ, ರಿಜಿಸ್ಟರ್ ಬರೆಯಲು ಓದಿದವರು ಬೇಕಂತೆ ಎಂದು ಭಾವನೇ ನನ್ನನ್ನು ಕಳಿಸಿದರು. ಡಾಕ್ಟರಮ್ಮ ಮೊದಲ ದಿನವೇ ಎಲ್ಲ ಹೇಳಿಬಿಟ್ಟರು.

"ಲಿವರ್ ಅಂದ್ರೆ ಎಲ್ಲರಿಗೂ ಹೆಂಡದಂಗಡಿ ನೆನಪಾಗುತ್ತೆ. ಒಂದು ಹನಿಯೂ ಕುಡಿಯದವರ ಲಿವರಿನಲ್ಲೂ ಕೊಬ್ಬು ಕೂತಿರುತ್ತೆ. ನೋವಿಲ್ಲ, ಜ್ವರ ಇಲ್ಲ, ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ. ಊರೂರಿಗೂ ಸ್ಕ್ಯಾನಿಂಗ್ ಮಷಿನ್ ಹೊತ್ಕೊಂಡು ಹೋಗೋಕಾಗುತ್ತಾ? ಟೇಪ್ ಹೊತ್ಕೊಂಡು ಹೋಗಬಹುದು. ಹೊಟ್ಟೆಯ ಸುತ್ತಳತೆ ಜಾಸ್ತಿ ಇರೋರನ್ನ ಮಾತ್ರ ಹಾಸನಕ್ಕೆ ಕರೆಸಿ ಸ್ಕ್ಯಾನ್ ಮಾಡೋಣ."

ತೂಕದ ಯಂತ್ರವನ್ನು ಅವರು ನಂಬುತ್ತಿರಲಿಲ್ಲ. ವ್ಯಾನಿನಲ್ಲಿ ಕುಲುಕಿ ಕುಲುಕಿ ಅದು ಅರಕಲಗೂಡಿನಲ್ಲಿ ಒಂದು ಹೇಳಿದರೆ ಚನ್ನರಾಯಪಟ್ಟಣದಲ್ಲಿ ಇನ್ನೊಂದು ಹೇಳುತ್ತಿತ್ತು. "ಟೇಪ್ ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುಮಧ್ಯೆ ಟೇಪ್ ಸುತ್ತಬೇಕು, ಉಸಿರು ಬಿಟ್ಟಾಗ ಓದಬೇಕು. ಗಂಡಸರು ಮೂವತ್ತೈದೂವರೆ ಇಂಚು ದಾಟಿದರೆ ಕೆಂಪು ಚೀಟಿ, ಹಾಸನಕ್ಕೆ. ಒಳಗಿದ್ದರೆ ಹಸಿರು ಚೀಟಿ, ಮನೆಗೆ. ಹೆಂಗಸರಿಗೆ ಬೇರೆ ಲೆಕ್ಕ, ಪರದೆಯ ಹಿಂದೆ ನರ್ಸಮ್ಮನೇ ಅಳೆಯುತ್ತಿದ್ದರು.

ಶಾಂತಿಗ್ರಾಮದ ಮೊದಲ ಕ್ಯಾಂಪಿನಲ್ಲಿ ಗಂಡಸರನ್ನು ಅಳೆಯುವುದೂ ನನ್ನ ಪಾಲಿಗೇ ಬಂತು. ಅಪರಿಚಿತರ ಹೊಟ್ಟೆಯನ್ನು ತಬ್ಬಿಕೊಳ್ಳುವ ವಿದ್ಯೆಯನ್ನು ಬಿ.ಎಸ್ಸಿ.ಯಲ್ಲಿ ಕಲಿಸಿರಲಿಲ್ಲ. ಒಬ್ಬ ಹಾಲಿನ ಡೇರಿಯವನು ಕಚಗುಳಿಯಾಗಿ ಟೇಪಿನ ಸಮೇತ ಓಡಿಹೋದ. ಇನ್ನೊಬ್ಬರಿಗೆ ನಾನು ಬರೆದ ಅಳತೆ ನೋಡಿ ಡಾಕ್ಟರಮ್ಮ, "ಇದು ಮನುಷ್ಯನದೋ ಹುಣಸೆಮರದ್ದೋ?" ಎಂದರು. ಮುಂದಿನ ಕ್ಯಾಂಪಿಗೆ ಟೇಪ್ ಹಿಡಿಯುವುದೇ ಕಸುಬಾದವನನ್ನು ಹುಡುಕಿ ತಂದೆ: ನಮ್ಮೂರಿನ ಟೈಲರ್. ಇಪ್ಪತ್ತು ವರ್ಷದಿಂದ ಊರಿನ ಪ್ಯಾಂಟುಗಳನ್ನೆಲ್ಲ ಹೊಲಿದವನು. ಡಾಕ್ಟರಮ್ಮ ತೋರಿಸಿದ ಜಾಗವನ್ನು ಒಂದೇ ಸಲಕ್ಕೆ ಹಿಡಿದ. ಹೊಟ್ಟೆ ಎಳೆದುಕೊಂಡು ನಿಂತವರ ಮುಂದೆ ಸುಮ್ಮನೆ ನಿಂತು, ಮಳೆ ಬೆಳೆ ವಿಚಾರಿಸಿ, ಉತ್ತರ ಹೇಳುತ್ತಾ ಅವರು ಉಸಿರು ಬಿಟ್ಟ ಕ್ಷಣದಲ್ಲೇ ಟೇಪ್ ಓದುತ್ತಿದ್ದ. ಓದಿ, ಅಂಗಡಿಯಲ್ಲಿ ಕೂಗುವ ರಾಗದಲ್ಲೇ ಕೂಗುತ್ತಿದ್ದ. ನಾನು ಬರೆದುಕೊಳ್ಳುತ್ತಿದ್ದೆ.

ಹಳೇಕೋಟೆಯಲ್ಲಿ ಸರ್ಕಾರ ಎಲ್ಲರಿಗೂ ಚಡ್ಡಿ ಹೊಲಿಸಿಕೊಡುತ್ತದೆ ಎಂಬ ಸುದ್ದಿ ಹಬ್ಬಿ, ನಾವು ಹೋಗುವ ಹೊತ್ತಿಗೆ ಸಾಲು ಕೆರೆ ಏರಿಯವರೆಗೆ ಬೆಳೆದಿತ್ತು.

"ವಸಿ ಲೂಸಾಗಿ ಬರ್ಕಳ್ಳಣ್ಣ, ಒಗುದ್ಮೇಲೆ ಬಟ್ಟೆ ಕುಗ್ತದೆ" ಎಂದ ಒಬ್ಬ ಮುದುಕ.

"ಲೇ, ಇದು ಬಟ್ಟೆಗಲ್ಲ ಕಣ್ಲಾ, ನಿನ್ ಒಟ್ಟೆ ಒಳಗಿರೋ ಕೊಬ್ಬಿಗೆ" ಎಂದು ಟೈಲರ್ ರೇಗಿದ. "ಇಪ್ಪತ್ತೊಂಬತ್ತು!"

ರಾಮನಾಥಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರಿಗಳು, ಅರಕಲಗೂಡಿನಲ್ಲಿ ವಕೀಲರು, ಚನ್ನರಾಯಪಟ್ಟಣದಲ್ಲಿ ಮೇಷ್ಟ್ರುಗಳು. ಒಂದು ಸಂಜೆ ವ್ಯಾನಿನಲ್ಲಿ ರಿಜಿಸ್ಟರ್ ತಿರುವುತ್ತಿದ್ದ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ಅಲ್ಲಪ್ಪ, ಕೂಲಿ ಮಾಡೋರ ಅಳತೆ ಇಪ್ಪತ್ತಾರರಿಂದ ನಲವತ್ತರವರೆಗೆ ಎಲ್ಲಾ ಇದೆ. ಈ ದೊಡ್ಡಮನುಷ್ಯರು ಮುಕ್ಕಾಲು ಪಾಲು ಯಾಕೆ ಮೂವತ್ತೈದರ ಹತ್ತಿರ ಬಂದು ಗಕ್ಕನೆ ನಿಂತುಬಿಡ್ತಾರೆ?"

"ಯೋಗಾಸನ ಮಾಡ್ತಾರೇನೋ ಮೇಡಂ" ಎಂದೆ ನಾನು. ಈ ಉತ್ತರಕ್ಕೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಟೈಲರ್ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ.

ನಮ್ಮೂರಿನ ಕ್ಯಾಂಪ್ ಭಾವನ ಶಾಲೆಯ ವರಾಂಡದಲ್ಲೇ ನಡೆಯಿತು. ಆಗ ಭಾವನಿಗೆ ಐವತ್ತೆರಡು. ಕೆಲವು ತಿಂಗಳಿಂದ ಸಂಜೆ ಮನೆಗೆ ಬಂದರೆ ಚೀಲ ಇಟ್ಟು ಹಾಗೇ ಗೋಡೆಗೊರಗಿ ಕೂತುಬಿಡುತ್ತಿದ್ದರು. ಬಲಗಡೆ ಪಕ್ಕೆಯ ಕೆಳಗೆ ಏನೋ ಭಾರ ಎನ್ನುತ್ತಿದ್ದರು. ಗ್ಯಾಸು ಎಂದು ತಾವೇ ತೀರ್ಮಾನಿಸಿ ಜೀರಿಗೆ ಅಗಿಯುತ್ತಿದ್ದರು. ಅಕ್ಕ ಕಾಡಿ ಬೇಡಿ, ಮುಂದಿನ ಸೋಮವಾರ ಹಾಸನದಲ್ಲಿ ಒಬ್ಬ ಡಾಕ್ಟರಿಗೆ ತೋರಿಸುವುದೆಂದು ಒಪ್ಪಿಸಿದ್ದಳು.

ಭಾವ ಬಂದಾಗ ಸಾಲು ತಾನೇ ಸರಿದು ದಾರಿ ಬಿಟ್ಟಿತು. ಟೈಲರ್ ಚಪ್ಪಲಿ ಬಿಟ್ಟು, ಕೈ ಒರೆಸಿಕೊಂಡು, ದೇವರಿಗೆ ದಾರ ಕಟ್ಟುವವನ ಹಾಗೆ ಟೇಪ್ ಸುತ್ತಿದ. ಹಿಂದೆ ಶಾಲೆಯ ಉಳಿದ ಮೇಷ್ಟ್ರುಗಳೂ ಇಬ್ಬರು ಜವಾನರೂ ಕುತೂಹಲದಿಂದ ಕತ್ತು ಚಾಚಿದ್ದರು.

"ಮೂವತ್ತೈದೂ!"

ಮುಂದಿದ್ದ ಹೊಟ್ಟೆಯನ್ನು ನಾನು ಕಣ್ಣಾರೆ ನೋಡಿದೆ. ಅಂಗಿಯ ನಾಲ್ಕನೆಯ ಗುಂಡಿ ಪ್ರಾಣ ಕೈಯಲ್ಲಿ ಹಿಡಿದುಕೊಂಡಿತ್ತು. ಆದರೆ ನಾನು ವಿಜ್ಞಾನ ಓದಿದವನು. ಕಣ್ಣು ಮೋಸ ಮಾಡಬಹುದು, ಅಳತೆ ಮಾಡುವುದಿಲ್ಲ. ಮೂವತ್ತೈದು ಎಂದು ಬರೆದೆ. ಹಸಿರು ಚೀಟಿ ಹರಿದೆ. ನಕ್ಕೆ.

ಭಾವ ಸೋಮವಾರದ ಹಾಸನವನ್ನು ಆ ಸಂಜೆಯೇ ರದ್ದು ಮಾಡಿದರು. ಚೀಟಿಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರು. ಅಕ್ಕ ತುಪ್ಪದ ಚಮಚ ಹಿಂದಕ್ಕೆಳೆದಾಗಲೆಲ್ಲ ಎಡಗೈಯಿಂದ ಅತ್ತ ತೋರಿಸುತ್ತಿದ್ದರು.

"ಡಾಕ್ಟರ ಸೀಲಿದೆ ನೋಡೆ. ನಿನ್ನ ತಮ್ಮನ ಸಹಿಯಿದೆ. ಹಾಕು."

ಅಕ್ಕ ಹಾಕುತ್ತಿದ್ದಳು. ಚೀಟಿಯ ಮೇಲೆ ಅವಳಿಗೂ ನಂಬಿಕೆ, ತಮ್ಮ ಬರೆದದ್ದಲ್ಲವೆ?

ಒಂದೂವರೆ ತಿಂಗಳು ಹೀಗೆ ಹೋಯಿತು. ಶಾಲಾ ವಾರ್ಷಿಕೋತ್ಸವಕ್ಕೆ ಭಾವನಿಗೆ ಹೊಸ ಪ್ಯಾಂಟ್ ಬೇಕಾಗಿತ್ತು. "ಬಣ್ಣ ಆರಿಸೋಕೆ ಇವರಿಗೆ ಬರಲ್ಲ, ನೀನೂ ಹೋಗು" ಎಂದು ಅಕ್ಕ ನನ್ನನ್ನು ಜೊತೆಗೆ ಅಟ್ಟಿದಳು. ಬಟ್ಟೆ ಕೊಂಡು ಟೈಲರ್ ಅಂಗಡಿಗೆ ಹೋದೆವು. ಅಲ್ಲಿ ಅಳತೆ ತೆಗೆಯುವುದು ಗಂಡ, ಅಳತೆ ಪುಸ್ತಕ ಬರೆಯುವುದು ಹೆಂಡತಿ. ಆಕೆ ಒಂದು ಮೂಲೆಯಲ್ಲಿ ಕಾಜಾ ಹೊಲಿಯುತ್ತಾ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿರುತ್ತಿದ್ದಳು. ಬೆಂಚಿನಲ್ಲಿ ಗಿರಾಕಿಗಳು ನಾಲ್ಕು ಜನ ಇದ್ದರು.

"ಉದ್ದ ಮೂವತ್ತೊಂಬತ್ತೂ! ಸೊಂಟ ಮೂವತ್ತೈದೂ!"

ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೇ ಏರಿಸಿ ಕಟ್ಟುವ ಹಳೆಯ ಕಾಲದವರು ಭಾವ, ಆದ್ದರಿಂದ ಕ್ಯಾಂಪಿನಲ್ಲಿ ಟೇಪ್ ಇಟ್ಟ ಜಾಗವೂ ಇದೂ ಒಂದೇ. ಅಳತೆಯೂ ಒಂದೇ ಬಂತಲ್ಲ ಎಂದು ನನಗೆ ಹೆಮ್ಮೆಯಾಯಿತು. ಹೆಮ್ಮೆಯಿಂದಲೇ ಆಕೆಯ ಪುಸ್ತಕದ ಕಡೆ ಕಣ್ಣು ಹಾಯಿಸಿದೆ. ಮೂವತ್ತೊಂಬತ್ತು ಎಂದು ಬರೆದಿದ್ದಳು. ಅದರ ಕೆಳಗೆ ಮೂವತ್ತೆಂಟು ಎಂದು ಬರೆದಿದ್ದಳು.

ಭಾವ ಎದುರಿನ ಪೇಪರ್ ಅಂಗಡಿಗೆ ಹೋಗಿ, ಬೆಂಚು ಖಾಲಿಯಾಗುವ ತನಕ ತಡೆದುಕೊಂಡೆ.

"ಅಮ್ಮಾ, ಸೊಂಟ ಮೂವತ್ತೈದು ಅಂತ ಕೂಗಿದ್ರು."

"ಊಂ."

"ನೀವು ಮೂವತ್ತೆಂಟು ಬರೆದಿದ್ದೀರಿ."

"ಊಂ ಮತ್ತೆ." ಆಕೆ ದಾರವನ್ನು ಹಲ್ಲಿನಿಂದ ಕಡಿದಳು. "ಅವ್ರು ಕೂಗದು ಬಾಯ್ಲೆಕ್ಕ, ನಾನ್ ಬರ್ಯದು ಬಟ್ಟೆ ಲೆಕ್ಕ. ಮೂವತ್ತೈದಕ್ಕೆ ಒಲುದ್ರೆ ಮೇಷ್ಟ್ರು ಸ್ಟೇಜ್ ಮ್ಯಾಲೆ ಕೂತ್ಕಳಕ್ಕಾಯ್ತದಾ?"

ಟೈಲರ್ ಸೀಮೆಸುಣ್ಣ ಹುಡುಕುತ್ತಾ ವಿವರಿಸಿದ.

"ನಾಕ್ ಜನದ್ ಮುಂದೆ ದೊಡ್ಡೋರ್ ಒಟ್ಟೆ ಅಳ್ತೆ ಕೂಗದುಂಟಾ ಸಾ? ಮರ್ಯಾದೆ ಅಲ್ವಾ? ನಮ್ಮಪ್ಪನ ಕಾಲ್ದಿಂದ್ಲೂ ಇಂಗೇಯ. ಅವ್ರವ್ರ ಯೋಗ್ಯತೆ ನೋಡ್ಕಂಡು ಒಂದೋ ಎರಡೋ ಬುಟ್ಟು ಕೂಗದು. ಇವ್ಳು ಸೇರುಸ್ಕಂಡು ಬರ್ಕತಳೆ."

"ಕ್ಯಾಂಪಿನಲ್ಲೂ?"

"ಅಲ್ಲೂ ಜನ ಇದ್ರಲ್ಲ ಸಾ."

"ರಾಮನಾಥಪುರದಲ್ಲೂ? ಅರಕಲಗೂಡಿನಲ್ಲೂ?"

"ಎಲ್ಲಾ ಊರ್ಲೂ ದೊಡ್ಡೋರು ಇರ್ತಾರಲ್ವಾ." ಆಗ ಅವನಿಗೂ ಏನೋ ಹೊಳೆದು ಸೀಮೆಸುಣ್ಣ ಕೆಳಗಿಟ್ಟ. "ಯಾಕ್ ಸಾ, ನೀವು ಸೇರುಸ್ಕಂಡು ಬರ್ಕತಿರ್ಲಿಲ್ವಾ? ಓದಿರೋರು, ಗೊತ್ತಿರ್ತದೆ ಅನ್ಕಂಡೆ!"

ಬೆಂಚಿನ ಮೇಲೆ ಕೂತೆ. ಗೋಡೆಗೊರಗುವ ಭಾವ, ಪಕ್ಕೆಯ ಭಾರ, ರದ್ದಾದ ಸೋಮವಾರ, ದಿನಕ್ಕೆರಡು ಚಮಚದಂತೆ ಒಂದೂವರೆ ತಿಂಗಳ ತುಪ್ಪ, ಇವೆಲ್ಲದರ ಮೇಲೆ ನನ್ನ ಸಹಿ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಟೈಲರನ್ನು ಹಿಡಿದುಕೊಂಡು ಹಾಸನಕ್ಕೆ ಹೋದೆ. ಡಾಕ್ಟರಮ್ಮ ಪೂರ್ತಿ ಕೇಳಿ, ಒಂದು ನಿಮಿಷ ಕಿಟಕಿಯ ಕಡೆ ತಿರುಗಿ ನಿಂತರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದು ನಾನು ಹೆದರಿದೆ. ತಿರುಗಿದಾಗ ನಗು ಒರೆಸಿಕೊಂಡಿದ್ದರು, ಮುಖ ಮಾತ್ರ ಗಂಭೀರವಾಗಿತ್ತು.

"ಯಾರ್ಯಾರಿಗೆ ಎಷ್ಟೆಷ್ಟು ಬಿಟ್ಟೆ ಅಂತ ನೆನಪಿದೆಯೇನಪ್ಪ?"

"ಅದೆಂಗ್ ಮರ್ತೋಯ್ತದೆ ತಾಯಿ?" ಟೈಲರಿಗೆ ಅವಮಾನವಾದ ಹಾಗಿತ್ತು.

ನಾನು ಹೆಸರು ಓದುತ್ತಾ ಹೋದೆ, ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದ. "ಇವ್ರಿಗೆ ಒಂದು. ಇವ್ರು ವಕೀಲ್ರು, ಎರಡು. ಇವ್ನಿಗೇನೂ ಇಲ್ಲ, ಇದ್ದಂಗೇ ಕೂಗಿವ್ನಿ. ಇವ್ರಿಗೆ ಎರಡು ಬುಡಾನ ಅನ್ಕಂಡೆ, ಸಾಲ್ನಾಗೆ ನುಗ್ಗುದ್ರು, ಅದ್ಕೆ ಒಂದೂವರೆ." ತೀರಾ ದೊಡ್ಡ ಹೊಟ್ಟೆಯವರು ಮರ್ಯಾದೆಯ ಇಂಚು ಕಳೆದರೂ ಕೆಂಪು ಚೀಟಿಗೆ ಸಿಕ್ಕಿದ್ದರು. ನಡುವಿನವರೇ ತಪ್ಪಿಸಿಕೊಂಡಿದ್ದರು. ಊರು ಯಾರಿಗೆ ಕೈಮುಗಿಯುತ್ತಿತ್ತೋ ಅವರದೇ ಪಟ್ಟಿ, ಮೂರು ಪುಟ ಆಯಿತು.

ಕುತೂಹಲ ತಡೆಯಲಾರದೆ ಕೇಳಿದೆ. "ನನಗೆಷ್ಟು ಬಿಡ್ತೀಯ?"

ಅವನು ಸಂಕೋಚದಿಂದ ತಲೆ ಕೆರೆದುಕೊಂಡ. "ನಿಮಗಾ ಸಾ... ಕಾಲಿಂಚು. ಕೆಲ್ಸ ಪರ್ಮನೆಂಟ್ ಆಗ್ಲಿ, ನೋಡಾನ."

"ನಮ್ಮ ಭಾವನಿಗೆ?"

"ಮೂರು" ಎಂದ, ತಕ್ಷಣ. "ಮೂರು ಬೇರ್ ಯಾರ್ಗೂ ಬುಟ್ಟಿಲ್ಲ ಸಾ. ನನ್ ಇಬ್ರು ಮಕ್ಳೂ ಪಾಸಾಗಿದ್ದು ಅವ್ರಿಂದ್ಲೇಯ." "ಅವ್ರಿಗೇನಾರ ಆಯ್ತದಾ ತಾಯಿ?"

ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಪಕ್ಕೆ ಭಾರ ಅಂದೆಯಲ್ಲ? ಉಳಿದವರನ್ನ ಆಮೇಲೆ ನೋಡೋಣ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ನಿಮ್ಮ ಭಾವನ್ನ ಕರ್ಕೊಂಡು ಬಾ" ಎಂದರು. ಹೋಗುವಾಗ ಬಾಗಿಲವರೆಗೆ ಬಂದು ಇನ್ನೊಂದು ಉಪಾಯ ಹೇಳಿಕೊಟ್ಟರು. "ಒಪ್ಪದಿದ್ದರೆ ಟೇಪ್ ಮುಟ್ಟಬೇಡ. ಅವರ ಎತ್ತರದಷ್ಟು ಒಂದು ದಾರ ತಗೋ."

ಭಾವ ಒಪ್ಪಲಿಲ್ಲ. ಊಟದ ಎಲೆಯ ಮುಂದೆ ಕೂತೇ ವಾದಿಸಿದರು.

"ಸೀಲು ಹಾಕಿ ಕೊಟ್ಟಿದ್ದು ನೀವೇ, ಸುಳ್ಳು ಅನ್ನೋರೂ ನೀವೇ. ನಾಳೆ ಇನ್ನೊಂದು ಹೇಳ್ತೀರಿ. ಸಂಖ್ಯೆಗೆ ಒಂದು ಗೌರವ ಬೇಡವೇನೋ?"

"ಗೌರವ ಕೊಟ್ಟಿದ್ದರಿಂದಲೇ ಹೀಗಾಗಿರೋದು ಭಾವ."

"ಆ ಟೈಲರ್ ನನ್ನ ವಿಷಯದಲ್ಲಿ ಸುಳ್ಳು ಹೇಳೋನಲ್ಲ. ಪಾಪ, ನನ್ನ ಕಂಡರೆ ಪ್ರಾಣ ಅವನಿಗೆ."

ಅದೇ ಕಾರಣ ಎಂದು ಹೇಗೆ ಹೇಳುವುದು? ದಾರದ ಉಪಾಯವನ್ನು ಅಕ್ಕನಿಗೆ ಮೊದಲೇ ಹೇಳಿದ್ದೆ. ಅವಳು ಎದ್ದು ಹೋಗಿ ಹೂ ಕಟ್ಟುವ ದಾರದ ಉಂಡೆ ತಂದಳು. "ಏಳಿ ಮೇಲೆ" ಎಂದಳು. ಆ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಭಾವನೂ ಕೇಳಿರಲಿಲ್ಲವೆಂದು ಕಾಣುತ್ತದೆ, ಎಂಜಲು ಕೈಯಲ್ಲೇ ಎದ್ದು ನಿಂತರು.

ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಅಳೆದೆ. ಎತ್ತರ ಅಳೆಯುತ್ತಿದ್ದೇವೆಂದು ತಿಳಿದೊಡನೆ ಭಾವ ಮೆಲ್ಲಗೆ ತುದಿಗಾಲಿನ ಮೇಲೆ ಏರಿದರು.

"ಹಿಮ್ಮಡಿ ಊರಿ" ಎಂದಳು ಅಕ್ಕ.

"ಊರಿದೀನಲ್ಲೇ."

"ನಲವತ್ತು ಮಕ್ಕಳಿಗೆ ಕಾಪಿ ಹೊಡೀಬೇಡಿ ಅಂತೀರ. ಊರಿ."

ದಾರ ಕತ್ತರಿಸಿ ಸರಿಯಾಗಿ ಎರಡು ಮಡಿಕೆ ಮಾಡಿದೆ. "ಭಾವ, ಟೈಲರ್ ಬೇಡ, ಟೇಪ್ ಬೇಡ, ಇಂಚೂ ಬೇಡ. ಇದು ನಿಮ್ಮದೇ ಎತ್ತರದ ಅರ್ಧ. ಆರೋಗ್ಯವಾಗಿರೋ ಸೊಂಟವನ್ನ ಇದು ಸುತ್ತಿ ಬರಬೇಕಂತೆ. ನೀವೇ ಸುತ್ತಿಕೊಳ್ಳಿ."

ಭಾವ ಕೈ ತೊಳೆದು ಬಂದು, ತಾವೇ ದಾರ ಹಿಡಿದು, ಬೆನ್ನ ಹಿಂದಿನಿಂದ ತಂದರು. ಎರಡು ತುದಿಗಳೂ ಹೊಟ್ಟೆಯ ಎರಡು ಕಡೆ ಬಂದು ನಿಂತವು. ಭಾವ ಉಸಿರು ಎಳೆದುಕೊಂಡರು. ಅಕ್ಕ "ಬಿಡಿ" ಎಂದಳು. ಬಿಟ್ಟರು. ತುದಿಗಳು ಇನ್ನೂ ದೂರ ಸರಿದವು. ಅಕ್ಕ ಮಧ್ಯದ ಖಾಲಿ ಜಾಗದ ಮೇಲೆ ಅಂಗೈ ಹರಡಿ ಅಳೆದಳು. ಹೆಚ್ಚುಕಡಿಮೆ ಮುಕ್ಕಾಲು ಗೇಣು. ಆ ಕೈಯನ್ನು ಅವಳು ಅಲ್ಲಿಂದ ತೆಗೆಯಲಿಲ್ಲ. ನೋಡಿದರೆ ಅಳುತ್ತಿದ್ದಳು.

ಭಾವ ದಾರದ ಎರಡು ತುದಿಗಳನ್ನೂ ನೋಡಿದರು. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತವರಿಗೆ ಅರ್ಧ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮೊದಲ ಬಸ್ಸು ಎಷ್ಟು ಗಂಟೆಗೆ?" ಎಂದರು.

ಹಾಸನದಲ್ಲಿ ಸ್ಕ್ಯಾನಿಂಗ್ ಕೋಣೆಯ ಹೊರಗೆ ನಾನೂ ಅಕ್ಕನೂ ಕೂತಿದ್ದೆವು. ಅರ್ಧ ಗಂಟೆಯೂ ಆಗಿರಲಿಲ್ಲ, ನನಗೆ ಅದು ಇವತ್ತಿಗೂ ಮುಗಿದಿಲ್ಲ. ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದು, ಕಪ್ಪು ಬಿಳಿ ಚಿತ್ರ ಹಿಡಿದು ತೋರಿಸಿದರು. ನನಗೆ ಕಂಡದ್ದು ಮಂಜು ಮಾತ್ರ.

"ಕೊಬ್ಬು ತುಂಬಾನೇ ಇದೆ ಮೇಷ್ಟ್ರೇ. ಅಷ್ಟೇ ಆಗಿದ್ದರೆ ಬೈದು ಕಳಿಸ್ತಿದ್ದೆ. ಲಿವರ್ ಅಲ್ಲಲ್ಲಿ ಗಟ್ಟಿಯಾಗೋಕೆ ಶುರುವಾದ ಹಾಗಿದೆ. ರಕ್ತದಲ್ಲಿ ಸಕ್ಕರೆನೂ ಏರಿದೆ. ಇನ್ನೊಂದೆರಡು ವರ್ಷ ಹೀಗೇ ಬಿಟ್ಟಿದ್ದರೆ..." ಮುಂದಿನದನ್ನು ಅವರು ಹೇಳದೆ ನನ್ನ ಕಡೆ ನೋಡಿದರು. ನೋಡದೆ ಇದ್ದಿದ್ದರೆ ಚೆನ್ನಾಗಿತ್ತು. "ಈಗಲೇ ಹಿಡಿದರೆ ಹಿಂದಕ್ಕೆ ಬರೋ ಅವಕಾಶ ಇದೆ. ಮಾತ್ರೆಯಿಂದಲ್ಲ, ಕಾಲಿನಿಂದ. ಎಷ್ಟು ದೂರ ನಡೀತೀರ?"

"ಸ್ಟಾಫ್ ರೂಮಿನಿಂದ ಎಂಟನೇ ಕ್ಲಾಸಿನ ತನಕ" ಎಂದರು ಭಾವ, ಪ್ರಾಮಾಣಿಕವಾಗಿ.

ಬಸ್ಸಿನಲ್ಲಿ ಭಾವ ಕಿಟಕಿಯ ಪಕ್ಕ ಕೂತಿದ್ದರು. ಸ್ಕ್ಯಾನಿಂಗ್ ಕವರ್ ನನ್ನ ತೊಡೆಯ ಮೇಲಿತ್ತು. ನಾನು ಲೆಕ್ಕ ಹಾಕುತ್ತಿದ್ದೆ. ವಾರ್ಷಿಕೋತ್ಸವ ಇಲ್ಲದಿದ್ದರೆ ಪ್ಯಾಂಟ್ ಇಲ್ಲ. ಅಕ್ಕ ನನ್ನನ್ನು ಅಟ್ಟದಿದ್ದರೆ ಅಂಗಡಿಗೆ ನಾನಿಲ್ಲ. ಆಕೆ ಪುಸ್ತಕವನ್ನು ಆ ಕಡೆ ತಿರುಗಿಸಿ ಇಟ್ಟುಕೊಂಡಿದ್ದರೆ? ಭಾವನನ್ನು ಕ್ಷಮೆ ಕೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದೆ. ಐದನೆಯ ಸಲ ಅವರೇ, "ಸುಮ್ನೆ ಕೂತ್ಕೊಳೋ" ಎಂದರು.

ಊರು ಇನ್ನೂ ಒಂದು ಸ್ಟಾಪ್ ಇರುವಾಗ ಭಾವ ಎದ್ದು, "ಹೋಲ್ಡಾನ್" ಎಂದರು. ಅಕ್ಕನನ್ನು ಬಸ್ಸಿನಲ್ಲೇ ಬಿಟ್ಟು ನಾವಿಬ್ಬರೂ ಇಳಿದೆವು. ಮಧ್ಯಾಹ್ನದ ಬಿಸಿಲು. ಭಾವ ಮುಂದೆ, ಕವರ್ ಹಿಡಿದ ನಾನು ಹಿಂದೆ. ಇನ್ನೂರು ಹೆಜ್ಜೆಗೇ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಎದುರಿನಿಂದ ಬಂದ ಹಳೆಯ ಶಿಷ್ಯನೊಬ್ಬ ಗಡಬಡಿಸಿ ಸೈಕಲ್ಲಿನಿಂದ ಇಳಿದ. ಇಳಿದವನ ಹೊಟ್ಟೆಯೂ ಹ್ಯಾಂಡಲಿಗೆ ತಾಗುತ್ತಿತ್ತು.

"ನಮಸ್ಕಾರ ಸಾ. ಯಾಕ್ ಸಾ ನಡ್ಕಂಡು? ಬಸ್ ಕೆಟ್ಟೋಯ್ತಾ?"

"ಬಸ್ಸು ಚೆನ್ನಾಗಿದೆ ಕಣಯ್ಯ. ನಾನು ಕೆಟ್ಟಿರೋದು." ಭಾವ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾ ನಿಂತರು. ಆಮೇಲೆ ತರಗತಿಯ ಕೊನೆಯ ಬೆಂಚಿಗೂ ಕೇಳುವಂಥ ದನಿಯಲ್ಲಿ, "ಮೂವತ್ತೆಂಟು ಇಂಚು! ನಿಂದೆಷ್ಟು?" ಎಂದರು.

ಅವನು ಬೆಪ್ಪಾಗಿ ನನ್ನ ಮುಖ ನೋಡಿದ, ಹೊಟ್ಟೆ ಒಳಗೆಳೆದುಕೊಂಡ.

"ಎಳ್ಕೋಬೇಡ, ಬಿಡು. ನಾಳೆ ಸಂಜೆ ಶಾಲೆ ಹತ್ರ ಬಾ, ಇವನು ದಾರದಲ್ಲಿ ಮತ್ತೆ ಅಳೀತಾನೆ. ನಮ್ಮೂರಿನ ವಕೀಲರಿಗೂ ಹೇಳು, ನಾನು ಹೇಳಿದೆ ಅಂತ ಹೇಳು."

ಎದುರಿಗೆ ಸಿಕ್ಕ ಪ್ರತಿಯೊಬ್ಬರಿಗೂ ಅವರು ಅದನ್ನೇ ಕೂಗಿ ಹೇಳುತ್ತಾ ಹೋದರು. ಪೋಸ್ಟ್ ಮ್ಯಾನ್, ಹಣ್ಣಿನ ಗಾಡಿಯವನು, ದೇವಸ್ಥಾನದಿಂದ ಬರುತ್ತಿದ್ದ ಅರ್ಚಕರು. ಅರ್ಚಕರು ಶಲ್ಯವನ್ನು ಹೊಟ್ಟೆಯ ಮೇಲೆ ಸರಿಮಾಡಿಕೊಂಡು ಬೇಗ ಬೇಗ ಹೊರಟರು. ಜನ ನಗುತ್ತಿದ್ದರು, ಭಾವನೂ ನಗುತ್ತಿದ್ದರು. ಎರಡು ಕಡೆ ಅವರು ಲೈಟ್ ಕಂಬ ಹಿಡಿದು ನಿಂತರು. ಎರಡು ಸಲವೂ ನಾನು ಕವರನ್ನು ಎದೆಗೆ ಅವುಚಿಕೊಂಡು, ಅವರು ಕಂಬ ಬಿಟ್ಟು ಮುಂದಿನ ಹೆಜ್ಜೆ ಇಡುವ ತನಕ ಉಸಿರು ಬಿಡದೆ ನಿಂತಿದ್ದೆ.